ಬ್ಯಾಟರಿ ಹುಡುಗನ ಶನಿವಾರ

ಆಗ ನನಗೆ ಹದಿಮೂರು. ಎಂಟ್‌ವಿಸಲ್ ಅಂಗಡಿಯ ಸೈಕಲ್ಲು,
ಹಿಂದೊಂದು ಮುಂದೊಂದು ಮರದ ಪೆಟ್ಟಿಗೆ,
ಒಳಗೆ ಗಾಜಿನ ಜಾಡಿಗಳು: ಸೀಸ, ಆಮ್ಲ,
ತುಂಬಿಸಿ ಕೊಟ್ಟರೆ ಆರು ಪೆನ್ನಿ.
'ಅಲುಗಿಸಬೇಡವೋ' ಎನ್ನುತ್ತಿದ್ದ ಎಂಟ್‌ವಿಸಲ್,
'ಜನರ ಮಾತು ಚೆಲ್ಲಿ ಹೋದೀತು.'
ಚೆಲ್ಲುತ್ತಿದ್ದುದು ನನ್ನ ಚಡ್ಡಿಯ ಮೇಲೆ;
ಅಮ್ಮ ತೂತು ಎಣಿಸಿ ಎಣಿಸಿ ಬೈಯುತ್ತಿದ್ದಳು.

ಫ್ಲೀಟ್‌ವುಡ್, ಜನವರಿ. ಬೆಳಗಿಗಿನ್ನೂ ಕಲ್ಲಿದ್ದಲ ಬಣ್ಣ.
ಮೊದಲ ಮನೆಯಲ್ಲಿ ಗ್ರೀನಿಚ್ಚಿನ ಆರು ಕೀಚು;
ಆರನೆಯದಕ್ಕೆ ಮುದುಕ ಕ್ಲೆಗ್
ಗಡಿಯಾರದ ಮುಳ್ಳನ್ನು ಬೆರಳಿಂದ ಗದರಿಸುತ್ತಾನೆ.
ಮೂರನೇ ಮನೆಯಲ್ಲಿ ಹಂದಿಯ ಧಾರಣೆ.
ಈ ಬೀದಿಯಲ್ಲಿ ಹಂದಿ ಸಾಕಿದವರಿಲ್ಲ,
ರೇಷನ್ ಮಾಂಸ ವಾರಕ್ಕೆ ಅಂಗೈಯಗಲ,
ಆದರೂ ಶ್ರೀಮತಿ ಡಕ್‌ವರ್ತ್ ಕೈಕಟ್ಟಿ ನಿಂತು ಕೇಳುತ್ತಾಳೆ,
ಪಾದ್ರಿಯ ಮಾತಿಗೂ ಕೊಡದ ಗಮನ ಕೊಟ್ಟು.

ನಾನೊಬ್ಬನೇ ಕಂಡುಕೊಂಡ ಗುಟ್ಟು ಇದು:
ಬೀದಿಯುದ್ದ ಸೈಕಲ್ ತಳ್ಳುತ್ತ ನಡೆದರೆ
ವಾಕ್ಯ ತುಂಡಾಗುವುದಿಲ್ಲ.
ಏಳನೇ ಮನೆಯಲ್ಲಿ ಕರ್ತೃ, ಒಂಬತ್ತರಲ್ಲಿ ಕ್ರಿಯಾಪದ,
ಹನ್ನೊಂದರ ಅಡುಗೆಮನೆಯಲ್ಲಿ ಕರ್ಮ,
ಅಂದರೆ ಸುಟ್ಟ ರೊಟ್ಟಿ, ಅದರ ಹೊಗೆ.

ಮಧ್ಯಾಹ್ನ ಯಾರೋ ಗುಲಾಬಿ ಸವರುವುದು ಹೇಗೆಂದು ಹೇಳಿಕೊಟ್ಟರು,
ಅಂಗಳವೇ ಇಲ್ಲದ ನಲವತ್ತು ಮನೆಗಳಿಗೆ.
ಆಮೇಲೆ ಸಿನಿಮಾ ಮಂದಿರದ ಆರ್ಗನ್,
ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ.
ಆಮೇಲೆ ಒಬ್ಬ ಪ್ರೊಫೆಸರ್, ಮೂಗಿನಿಂದ,
ಸತ್ತ ಯಾವುದೋ ಜನರ ಮಣ್ಣಿನ ಮಡಕೆಗಳ ಬಗ್ಗೆ;
ಕ್ಷೌರದಂಗಡಿಯಲ್ಲಿ ಅರ್ಧ ನೊರೆಯ ಮುಖಗಳು
'ಹೌದಪ್ಪ, ಮಡಕೆ ಗಟ್ಟಿ, ನಾವೇ ಟೊಳ್ಳು' ಎಂದು ಒಪ್ಪಿದವು.

ಸಂಜೆ ಫುಟ್‌ಬಾಲ್ ಫಲಿತಾಂಶ.
ಅಪ್ಪನಿಗೆ ಅಂಕಿ ಬೇಕಿರಲಿಲ್ಲ, ರಾಗ ಸಾಕು.
ಎರಡನೇ ಊರಿನ ಹೆಸರಿಗೆ ಸ್ವರ ಇಳಿಯಿತೋ,
ಕೂಪನ್ನು ಹರಿದು ಪೈಪು ಹೊತ್ತಿಸುತ್ತಿದ್ದ.

ಹದಿನೇಳನೇ ಮನೆ ಮಾತ್ರ ಈ ಸಾಲಿಗೆ ಸೇರದು.
ಎಲ್ಲರ ಜಾಡಿ ಎರಡು ವಾರ ಬಾಳಿದರೆ
ಆಲ್ಮಾ ರಿಮ್ಮರಳದು ಐದೇ ದಿನ.
ಅವಳ ಬಾನುಲಿಯ ಮುಳ್ಳು ಹಿಲ್ವರ್ಸಮ್ ದಾಟಿ, ಆಥ್ಲೋನ್ ದಾಟಿ,
ಊರುಗಳ ಹೆಸರು ಮುಗಿದ ಬರಿ ಗಾಜಿನ ಮೇಲೆ ನಿಂತಿರುತ್ತಿತ್ತು,
ಟ್ರಾಲರುಗಳು ತಮ್ಮತಮ್ಮಲ್ಲಿ ಮಾತಾಡುವ ಅಲೆ.
ಕೇಳುವುದು ತಪ್ಪು, ಕಾನೂನಿತ್ತು.
ಮೀನು ಬೀದಿಯ ಅರ್ಧ ಹೆಂಗಸರು ಕೇಳುತ್ತಿದ್ದರು.
ಐಸ್‌ಲ್ಯಾಂಡಿನ ಆಚೆಯಿಂದ ಸ್ಕಿಪ್ಪರುಗಳು
ಒಬ್ಬರಿಗೊಬ್ಬರು ಸುಳ್ಳು ಹೇಳುವರು:
ಬಲೆಗೆ ಬರಿ ಕಲ್ಲು ಮಾರಾಯ, ಇತ್ತ ಬರಬೇಡ.
ಅವಳ ಗಂಡ ಸೆತ್ ಅಡುಗೆಯವನು.
ಅಡುಗೆಯವನ ಕೈಗೆ ಮೈಕು ಯಾರು ಕೊಟ್ಟಾರು?
ಅವಳು ಕೇಳುತ್ತಿದ್ದುದು ಮಾತನ್ನಲ್ಲ,
ಮಾತಿನ ಬೆನ್ನ ಹಿಂದಿನದನ್ನು.

ಅಂದು ಜಾಡಿ ಜೋಡಿಸಿ ಏಳುವಾಗ ತೋಳು ಹಿಡಿದಳು.
'ಶ್! ಕೇಳಿದೆಯಾ? ಸಕ್ಕರೆ ಎಷ್ಟು ಅಂದ. ಅವನೇ.'
ನನಗೆ ಕೇಳಿದ್ದು ಬಾಣಲೆಯಲ್ಲಿ ಕೊಬ್ಬು ಸಿಡಿಯುವಂಥ ಸದ್ದು,
ನಡುವೆ ಸ್ಕಿಪ್ಪರನ ಕೆಮ್ಮು.
'ಹೂಂ' ಅಂದೆ.
ಒಂದು ಪೆನ್ನಿ ಜಾಸ್ತಿ ಕೊಟ್ಟಳು.
ಆ ಪೆನ್ನಿಗೆ ಲೈಕೊರಿಸ್ ಕೊಂಡು ತಿಂದೆ. ನಾಲಗೆ ಕಪ್ಪಾಯಿತು.

ರಾತ್ರಿ ಲಂಡನ್ನಿನ ಹೋಟೆಲೊಂದರ ವಾದ್ಯಗೋಷ್ಠಿ;
ನಮ್ಮ ಗೋಡೆಯಾಚೆ ಕ್ಲೆಗ್‌ನ ಮಗಳು
ಕುರ್ಚಿಯೊಂದಿಗೆ ಕುಣಿಯುವ ಕಿರ್ರು ಕಿರ್ರು.
ಆಮೇಲೆ, ಇಸ್ತ್ರಿ ಮಾಡಿದಂಥ ಅದೇ ದನಿಯಲ್ಲಿ:
ಹೆಬ್ರಿಡೀಸ್, ಫೇರೋಸ್, ವಾಯವ್ಯ, ಬಿರುಗಾಳಿ, ಒಂಬತ್ತು.
ಬೀದಿಯಲ್ಲಿ ಆಗ ಯಾರೂ ಕುರ್ಚಿ ಎಳೆಯಲಿಲ್ಲ.
ಸುದ್ದಿ ಮೂರರಿಂದ ಐದಕ್ಕೆ, ಏಳಕ್ಕೆ, ಹದಿನೈದಕ್ಕೆ ನಡೆದು
ಹದಿನೇಳನ್ನು ಹಾರಿ
ಹತ್ತೊಂಬತ್ತನೇ ಮನೆಯಲ್ಲಿ ಮುಗಿಯಿತು.

ರಾಜನ ಗೀತೆ. ಅಪ್ಪ ಅರ್ಧ ಎದ್ದು ಮತ್ತೆ ಕೂತ.
ಗುಂಯ್ ಎಂಬ ಬರಿ ಮೌನ.

ಬುಧವಾರಕ್ಕೇ ಆಲ್ಮಾಳ ಜಾಡಿ ಅಂಗಡಿಗೆ ಬಂತು, ಖಾಲಿ.
ಎಂಟ್‌ವಿಸಲ್ ಬೆಳಕಿಗೆ ಹಿಡಿದು ನೋಡಿ
ಲೆಕ್ಕದ ಪುಸ್ತಕ ತೆರೆಯಲಿಲ್ಲ.
'ನಾಲ್ಕೇ ದಿನ' ಅಂದ.
ಕೊಟ್ಟು ಬಾ ಹೋಗು, ಓಡು ಅಂದ.